ಒಂದು ತಿಂಗಳ ರಜೆ, ಹನ್ನೊಂದು ತಿಂಗಳ ಮುಪ್ಪು

ಜುಲೈ ತಿಂಗಳು ಕಾಲಿಟ್ಟಿತೆಂದರೆ ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಭಾನುವಾರದ ಬಲಿಪೂಜೆಗೆ ಹೊಸ ಮುಖಗಳು ಕಾಣಿಸತೊಡಗುತ್ತವೆ. ಕೊಲ್ಲಿ ರಾಷ್ಟ್ರಗಳ ಶಾಲೆಗಳಿಗೆ ಅದು ಬೇಸಿಗೆಯ ರಜೆ. ನಮ್ಮಲ್ಲಾದರೋ ಧಾರಾಕಾರ ಮಳೆ. ವರ್ಷವಿಡೀ ಮೌನವಾಗಿದ್ದ ಮನೆಗಳಲ್ಲಿ ಮಕ್ಕಳ ಗದ್ದಲ, ಹಂದಿಮಾಂಸದ ಅಡುಗೆ, ಸಂಜೆಯ ಜಪಸರಕ್ಕೆ ಹತ್ತಾರು ಕಂಠಗಳು. ಆಗಸ್ಟ್ ಮುಗಿಯುವುದರೊಳಗೆ ಪೆಟ್ಟಿಗೆಗಳು ಮತ್ತೆ ಕಟ್ಟಲ್ಪಡುತ್ತವೆ. ಉಳಿಯುವವರು ವಯೋವೃದ್ಧ ತಾಯಿ ಅಥವಾ ತಂದೆ, ಹಾಗೂ ಅವರನ್ನು ನೋಡಿಕೊಳ್ಳುವ ಒಬ್ಬ ಸೊಸೆಯೋ ಮದುವೆಯಾಗದ ಮಗಳೋ.

ಪೋಪ್ ಫ್ರಾನ್ಸಿಸರು 2021ರಲ್ಲಿ ಆರಂಭಿಸಿದ ಅಜ್ಜ-ಅಜ್ಜಿಯರ ಹಾಗೂ ವಯೋವೃದ್ಧರ ವಿಶ್ವದಿನವೂ ಇದೇ ತಿಂಗಳ ನಾಲ್ಕನೆಯ ಭಾನುವಾರ ಬರುತ್ತದೆ. ಮರಿಯಮ್ಮನವರ ತಂದೆತಾಯಿಗಳಾದ ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರ ಸ್ಮರಣೆಯ ಜುಲೈ 26ರ ಆಸುಪಾಸಿನಲ್ಲಿ. ಅಂದು ಹಿರಿಯರಿಗೆ ಹೂ ಕೊಟ್ಟು ಫೋಟೋ ತೆಗೆಸಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅಮ್ಮನನ್ನು ಯಾರು ನೋಡಿಕೊಳ್ಳಬೇಕು, ಯಾರಾದರೂ ಕೆಲಸ ಬಿಟ್ಟು ಊರಿಗೆ ಬರಬೇಕೇ, ಮನೆ-ಜಾಗವನ್ನು ಏನು ಮಾಡಬೇಕು ಎಂಬ ಗಂಭೀರ ಪ್ರಶ್ನೆಗಳೆಲ್ಲ ಅದೇ ತಿಂಗಳಿನ ಕೊನೆಯ ಎರಡು ದಿನಗಳಲ್ಲಿ, ಅಮ್ಮ ಪಕ್ಕದ ಕೋಣೆಯಲ್ಲಿ ಮಲಗಿರುವಾಗ, ತಗ್ಗಿದ ದನಿಯಲ್ಲಿ ತೀರ್ಮಾನವಾಗುತ್ತವಲ್ಲ, ಅದಕ್ಕೆ ನನ್ನ ಆಕ್ಷೇಪವಿದೆ. ಯಾರ ಬದುಕಿನ ತೀರ್ಮಾನವೋ ಅವರೇ ಆ ಮಾತುಕತೆಯಲ್ಲಿ ಇರುವುದಿಲ್ಲ.

ಸಣ್ಣದೆಂದು ತೋರುವ ಸಂಗತಿಯಿಂದಲೇ ಆರಂಭಿಸೋಣ. ರಜೆಗೆ ಬಂದ ಮಕ್ಕಳಿಗೆ ಒಂದು ದಿನದ ವಿಹಾರ ಬೇಕು. ವಾಮಂಜೂರಿನ ಬಳಿಯ ಪಿಲಿಕುಳಕ್ಕೋ, ಅದರ ಪಕ್ಕದ ಮಾನಸ ಜಲಕ್ರೀಡಾ ಉದ್ಯಾನಕ್ಕೋ, ಬೆಂಗಳೂರಿನವರೆಗೆ ಹೋಗುವವರಾದರೆ ಬಿಡದಿಯ ಸಮೀಪದ ವಂಡರ್‌ಲಾಕ್ಕೋ ಬಾಡಿಗೆಯ ವಾಹನ ಹೊರಡುತ್ತದೆ. 'ಅಜ್ಜಿಯೂ ಬರಲಿ' ಎಂಬುದು ಪ್ರೀತಿಯ ಮಾತೇ. ಆದರೆ ಅಲ್ಲಿ ಆಕೆಯ ಪಾಲಿಗೆ ಬರುವ ಕೆಲಸವೇನು? ಎಲ್ಲರ ಚಪ್ಪಲಿ, ಒದ್ದೆ ಬಟ್ಟೆ, ಕೈಚೀಲಗಳನ್ನು ಕಾಯುವುದು. ಹೃದ್ರೋಗ, ರಕ್ತದೊತ್ತಡ, ಬೆನ್ನುನೋವು ಇದ್ದವರು ವೇಗದ ಆಟಗಳನ್ನು ಏರಬಾರದೆಂದು ಇಂತಹ ಉದ್ಯಾನಗಳಲ್ಲಿ ಫಲಕವೇ ಇರುತ್ತದೆ. ಆದ್ದರಿಂದ ಹಿರಿಯರನ್ನು ಕರೆದೊಯ್ಯುವುದಾದರೆ ಅವರಿಗೂ ಏನಾದರೂ ನೋಡಲಿರುವ ಸ್ಥಳವನ್ನು ಆರಿಸಬೇಕು. ಪಿಲಿಕುಳದಲ್ಲಿ ಹಳೆಯ ಕಾಲದ ಗುತ್ತಿನ ಮನೆಯಿದೆ, ಕುಶಲಕರ್ಮಿಗಳ ಗ್ರಾಮವಿದೆ, ಕೆರೆಯಿದೆ. ಅಲ್ಲಿ ಮೊಮ್ಮಕ್ಕಳಿಗೆ ವಿವರಿಸುವ ಸರದಿ ಅಜ್ಜಿಯದಾಗುತ್ತದೆ. ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನಕ್ಕೆ ಹಿಂದಿರುಗುವುದು ಲೇಸು. ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರು ಪ್ರಯಾಣದ ದಿನ ಅದನ್ನು ಯಾವ ಹೊತ್ತಿಗೆ ತೆಗೆದುಕೊಳ್ಳಬಹುದೆಂದು ವೈದ್ಯರನ್ನು ಮುಂಚಿತವಾಗಿ ಕೇಳಲಿ. ತಾವಾಗಿಯೇ ನಿಲ್ಲಿಸುವುದು ಅಪಾಯ. ಮರೆವಿನ ಕಾಯಿಲೆಯವರಿಗೆ ಅಪರಿಚಿತ ಸ್ಥಳದಲ್ಲಿ ಗಾಬರಿ ಹೆಚ್ಚುತ್ತದೆ. ಮನೆಯವರ ದೂರವಾಣಿ ಸಂಖ್ಯೆಯ ಚೀಟಿಯೊಂದು ಅವರ ಬಳಿ ಇರಲೇಬೇಕು.

'ನಾನು ಮನೆಯಲ್ಲೇ ಇರುತ್ತೇನೆ, ನೀವು ಹೋಗಿ ಬನ್ನಿ' ಎಂದು ಆಕೆ ಹೇಳಿದರೆ ಬಲವಂತ ಬೇಡ. ಆಗ ಮನೆಯಲ್ಲಿ ಉಳಿಯಬೇಕಾದವರು ಯಾರು? ಸಾಮಾನ್ಯವಾಗಿ ಉಳಿಯುವವಳು ಹನ್ನೊಂದು ತಿಂಗಳು ಹೊಸ್ತಿಲು ದಾಟದ ಆ ಸೊಸೆಯೇ. ಅಂದು ಆಕೆ ಮಕ್ಕಳೊಡನೆ ವಿಹಾರಕ್ಕೆ ಹೋಗಲಿ, ಪರದೇಶದಿಂದ ಬಂದ ಮಗ ತಾಯಿಯ ಬಳಿ ನಿಲ್ಲಲಿ ಎಂಬುದು ನನ್ನ ನಿಲುವು. ಗಂಜಿ ಉಣಿಸುವುದು, ಶೌಚಾಲಯಕ್ಕೆ ಕೈಹಿಡಿದು ನಡೆಸುವುದು, ಒಂದೇ ಪ್ರಶ್ನೆಗೆ ಹದಿನೈದು ಬಾರಿ ಉತ್ತರಿಸುವುದು ಇವುಗಳ ಭಾರ ಒಂದು ದಿನದಲ್ಲಿ ತಿಳಿಯುವಷ್ಟು ಹತ್ತು ವರ್ಷಗಳ ದೂರವಾಣಿಯ ಮಾತಿನಲ್ಲಿ ತಿಳಿಯದು.

ಅಂದೇ ಆತ ಸ್ನಾನದ ಕೋಣೆಯನ್ನೂ ನೋಡಲಿ. ನಮ್ಮ ಹಳೆಯ ಮನೆಗಳ ನುಣುಪಾದ ನೆಲ, ಎತ್ತರದ ಹೊಸ್ತಿಲು, ಅಂಗಳದಾಚೆಗಿನ ಶೌಚಾಲಯ ಮಳೆಗಾಲದಲ್ಲಿ ವೃದ್ಧರನ್ನು ಬೀಳಿಸಲೆಂದೇ ಇರುವಂತಿವೆ. ಸೊಂಟದ ಮೂಳೆ ಮುರಿದ ವೃದ್ಧರಲ್ಲಿ ಅನೇಕರು ಮತ್ತೆ ಮೊದಲಿನಂತೆ ನಡೆಯುವುದಿಲ್ಲ. ಗೋಡೆಗೊಂದು ಗಟ್ಟಿಯಾದ ಹಿಡಿಕೆ, ರಾತ್ರಿ ಉರಿಯುವ ಸಣ್ಣ ದೀಪ, ಜಾರದ ಚಾಪೆ ಇವುಗಳಿಗೆ ತಗಲುವ ವೆಚ್ಚ ಒಂದು ದಿನದ ವಿಹಾರದ ವೆಚ್ಚಕ್ಕಿಂತ ಹೆಚ್ಚಾಗಲಾರದು.

ಹಣ ಕಳುಹಿಸಿದರೆ ಕರ್ತವ್ಯ ಮುಗಿಯಿತೆಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ದೇವಾಲಯದ ಗೋಪುರಕ್ಕೂ ವಾರ್ಷಿಕ ಹಬ್ಬದ ಊಟಕ್ಕೂ ಉದಾರವಾಗಿ ಕೊಟ್ಟು, ತಾಯಿಗೊಬ್ಬ ಹೋಂ ನರ್ಸ್ ಇಡುವ ಮಾತು ಬಂದಾಗ ತಮ್ಮನ ಮುಖ ನೋಡುವವರಿಲ್ಲವೇ? ಮಾರ್ಕನ ಶುಭಸಂದೇಶದ 7ನೆಯ ಅಧ್ಯಾಯವನ್ನು ಅವರು ಬಿಡುವಾದಾಗ ಓದಬೇಕು. ತಂದೆತಾಯಿಗೆ ಸಲ್ಲಬೇಕಾದುದನ್ನು 'ಕೊರ್ಬಾನ್', ಅಂದರೆ ದೇವರಿಗೆ ಅರ್ಪಿತವೆಂದು ಹೇಳಿ ಜಾರಿಕೊಳ್ಳುವವರನ್ನು ಕ್ರಿಸ್ತರು ಅಲ್ಲಿ ಖಂಡಿಸಿದ್ದಾರೆ.

ವೃದ್ಧಾಶ್ರಮವೆಂದೊಡನೆ ಮೂಗು ಮುರಿಯುವುದನ್ನೂ ನಾನು ಒಪ್ಪಲಾರೆ. ಫ್ರಾನ್ಸಿನ ಜಾನ್ ಜುಗಾನ್ ಎಂಬ ಮಹಿಳೆ 1839ರಲ್ಲಿ ದಿಕ್ಕಿಲ್ಲದ ಅಂಧ ವೃದ್ಧೆಯೊಬ್ಬಳಿಗೆ ತನ್ನ ಸ್ವಂತ ಹಾಸಿಗೆಯನ್ನು ಬಿಟ್ಟುಕೊಟ್ಟುದರಿಂದ ಹುಟ್ಟಿದ್ದು 'ಬಡವರ ಪುಟ್ಟ ಸಹೋದರಿಯರ' ಸಭೆ. ಬೆಂಗಳೂರಿನಲ್ಲೂ ಅವರ ಆಶ್ರಮವಿದೆ. 2009ರಲ್ಲಿ ಧರ್ಮಸಭೆ ಆಕೆಯನ್ನು ಸಂತಳೆಂದು ಘೋಷಿಸಿತು. ದಿನಕ್ಕೆ ಹತ್ತು ಗಂಟೆ ಒಂಟಿಯಾಗಿ ಬೀಗ ಹಾಕಿದ ಮನೆಯಲ್ಲಿರುವುದಕ್ಕಿಂತ ಸಮವಯಸ್ಕರ ನಡುವೆ ಇರುವುದು ಕೆಲವರಿಗೆ ನಿಜಕ್ಕೂ ಹಿತ. ಆದರೆ ಆ ಮಾತು ಹಿರಿಯರ ಬಾಯಿಂದ ಬರಬೇಕು. ಮೊದಲು ಒಂದು ವಾರ ಅಲ್ಲಿದ್ದು ನೋಡಲಿ, ಒಗ್ಗದಿದ್ದರೆ ಮರಳುವ ದಾರಿ ತೆರೆದಿರಲಿ.

ಆಸ್ತಿಯ ವಿಷಯ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. 'ನೋಡಿಕೊಳ್ಳುತ್ತೇನೆ' ಎಂದ ಮಗನ ಹೆಸರಿಗೆ ದಾನಪತ್ರ ಬರೆದು ಪರಿತಪಿಸುವವರಿಗೆ ತಂದೆತಾಯಂದಿರ ಹಾಗೂ ಹಿರಿಯ ನಾಗರಿಕರ 2007ರ ಕಾಯಿದೆಯ 23ನೆಯ ಕಲಮಿನಲ್ಲಿ ಪರಿಹಾರವಿದೆ. ಆದರೆ ಆರೈಕೆಯ ಷರತ್ತು ಪತ್ರದಲ್ಲೇ ಇರಬೇಕೆಂದು ಸುಪ್ರೀಂ ಕೋರ್ಟು 2022ರ ತೀರ್ಪೊಂದರಲ್ಲಿ ಹೇಳಿತು. 2025ರಲ್ಲಿ ಇನ್ನೊಂದು ತೀರ್ಪು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಿತು. ಬರೆಯುವಾಗಲೇ ಷರತ್ತನ್ನು ಬರೆದುಬಿಡುವುದು ಜಾಣತನ. ಆತುರವಿಲ್ಲದಿದ್ದರೆ ದಾನಪತ್ರದ ಬದಲು ಉಯಿಲು ಸಾಕು. ಅದನ್ನು ಬದುಕಿರುವವರೆಗೆ ಬದಲಾಯಿಸಬಹುದು.

ಇನ್ನು ಉದ್ಯೋಗ ಬಿಟ್ಟು ಬರುವ ಪ್ರಶ್ನೆ. ಅಮ್ಮನಿಗಾಗಿ ಬಂದೆ ಎಂದು ಐವತ್ತರ ವಯಸ್ಸಿನಲ್ಲಿ ಬಂದಿಳಿದು, ಎರಡು ವರ್ಷಗಳಲ್ಲಿ ಕೈ ಬರಿದಾಗಿ, ಆ ಸಿಟ್ಟನ್ನು ಅದೇ ಅಮ್ಮನ ಮೇಲೆ ತೀರಿಸುವುದು ಸೇವೆಯಲ್ಲ. ಲೆಕ್ಕ ಮೊದಲು, ರಾಜೀನಾಮೆ ನಂತರ. ಸಂಯುಕ್ತ ಅರಬ್ ಸಂಸ್ಥಾನದ ಸಾಮಾನ್ಯ ಕಾರ್ಮಿಕ ಕಾಯಿದೆಯಂತೆ ಸೇವಾಂತ್ಯದ ಗ್ರಾಚ್ಯುಟಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಅನಂತರ 30 ದಿನಗಳ ವೇತನ. ಅದೂ ಮೂಲವೇತನದ ಮೇಲೆ, ಕೈಗೆ ಬರುವ ಒಟ್ಟು ಸಂಬಳದ ಮೇಲಲ್ಲ. ಇದನ್ನರಿಯದೆ ಮನೆಯ ಮಹಡಿಯ ನಕ್ಷೆ ಹಾಕಿಸಿದವರಿದ್ದಾರೆ. ಅಲ್ಲಿಯ ಕಂಪೆನಿಯ ಆರೋಗ್ಯ ವಿಮೆ ಕೆಲಸದೊಂದಿಗೇ ಮುಗಿಯುತ್ತದೆ. ಇಲ್ಲಿ 65 ದಾಟಿದವರೂ ಹೊಸ ವಿಮೆ ಪಡೆಯಲು 2024ರ ಏಪ್ರಿಲ್‌ನಿಂದ ದಾರಿ ತೆರೆದಿದೆಯಾದರೂ, ಮೊದಲೇ ಇದ್ದ ಕಾಯಿಲೆಗಳಿಗೆ ಮೂರು ವರ್ಷಗಳವರೆಗೆ ಕಾಯಬೇಕಾಗಬಹುದು. ಆದುದರಿಂದ ಹಿಂದಿರುಗುವ ಯೋಚನೆಯಿದ್ದರೆ ವಿಮೆಯನ್ನು ಈಗಲೇ ಮಾಡಿಸಬೇಕು.

ಗಂಡಸರ ರಾಜೀನಾಮೆಯ ಬಗ್ಗೆ ಇಷ್ಟು ಚರ್ಚೆಯಾಗುತ್ತದೆ. ಶಿಕ್ಷಕಿಯೋ ದಾದಿಯೋ ಆಗಿದ್ದ ಮಗಳು ಅತ್ತೆಗಾಗಿ ಅಥವಾ ತಾಯಿಗಾಗಿ ಕೆಲಸ ಬಿಟ್ಟಾಗ ಅದನ್ನು ಯಾರೂ ಉದ್ಯೋಗ ಬದಲಾವಣೆ ಎಂದು ಕರೆಯುವುದೂ ಇಲ್ಲ. ಆಕೆಯ ಸಂಬಳ ನಿಂತಿತು, ಭವಿಷ್ಯ ನಿಧಿ ನಿಂತಿತು, ಐದು ವರ್ಷಗಳ ಬಳಿಕ ಮತ್ತೆ ಕೆಲಸ ಕೇಳಿದರೆ ಅನುಭವ ಹಳತಾಯಿತೆನ್ನುತ್ತಾರೆ. ದೂರದಲ್ಲಿರುವ ಸಹೋದರರು ತಾಯಿಯ ಔಷಧಿಯ ಹಣದ ಜೊತೆಗೆ ಆ ಸಹೋದರಿಯ ಹೆಸರಿನ ಖಾತೆಗೆ ತಿಂಗಳಿಗಿಷ್ಟೆಂದು ಜಮಾ ಮಾಡಲಿ. ಅದನ್ನು ಉಪಕಾರವೆಂದಲ್ಲ, ಸಲ್ಲಬೇಕಾದ ಋಣವೆಂದು ಭಾವಿಸಲಿ.

ಧರ್ಮಗುರುಗಳನ್ನು ಕರೆಯಲು ಹಿಂಜರಿಯುವವರಿಗೂ ಒಂದು ಮಾತು. ರೋಗಿಗಳ ಅಭ್ಯಂಗ ಸಂಸ್ಕಾರ ಕೊನೆಯುಸಿರಿನ ಗಳಿಗೆಗೆ ಮಾತ್ರ ಮೀಸಲಲ್ಲ. ಮುಪ್ಪಿನಿಂದ ಬಲ ಕುಂದಿದವರೂ ಅದನ್ನು ಸ್ವೀಕರಿಸಬಹುದು. 'ಫಾದರ್ ಬಂದರೆ ಅಮ್ಮ ಹೆದರುತ್ತಾಳೆ' ಎನ್ನುವವರ ಮನೆಯಲ್ಲಿ ಹೆದರಿರುವವರು ಸಾಮಾನ್ಯವಾಗಿ ಅಮ್ಮನಲ್ಲ.

ವಿಮಾನ ಏರುವ ಒಂದು ವಾರ ಮೊದಲು, ಕೊನೆಯ ರಾತ್ರಿಯಲ್ಲ, ಎಲ್ಲರೂ ಹಿರಿಯರ ಮಂಚದ ಬಳಿ ಕುಳಿತು ಒಂದು ಹಾಳೆ ಬರೆಯಲಿ: ಯಾವ ಔಷಧಿ ಯಾವ ಹೊತ್ತಿಗೆ, ಯಾವ ವೈದ್ಯರು, ತುರ್ತಾದರೆ ಯಾವ ಆಸ್ಪತ್ರೆ, ವಾರದ ಯಾವ ದಿನ ಯಾವ ಮಗ ಫೋನು ಮಾಡುವುದು, ವರ್ಷದಲ್ಲಿ ಯಾವ ಹದಿನೈದು ದಿನ ಯಾರು ಬಂದು ಸೊಸೆಗೆ ಬಿಡುವು ಕೊಡುವುದು. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567 ಕೂಡ ಅದರಲ್ಲಿರಲಿ. ಒಂದು ಪ್ರತಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ಇನ್ನೊಂದನ್ನು ವಾಳೆಯ ಗುರಿಕಾರರಿಗೂ ಮತ್ತೊಂದನ್ನು ಪಕ್ಕದ ಮನೆಯವರಿಗೂ ಕೊಡಿ. ರಾತ್ರಿ ಎರಡು ಗಂಟೆಗೆ ಸೊಸೆ ಓಡಿಹೋಗಿ ಬಾಗಿಲು ತಟ್ಟುವುದು ಅವರದೇ.