ಹಬ್ಬದ ಮರುದಿನ

ಹಬ್ಬದ ದಿನದ ಸಡಗರವನ್ನು ವರ್ಣಿಸಿದವರು ಬಹಳ ಮಂದಿ. ಹಬ್ಬದ ಮರುದಿನವನ್ನು ಕುರಿತು ಬರೆದವರು ವಿರಳ. ಆದರೆ ಒಂದು ಮನೆಯ ಸಂಸ್ಕಾರದ ಪರೀಕ್ಷೆ ನಡೆಯುವುದು ಆ ಮರುದಿನವೇ. ದೀಪಾವಳಿಗೆ ಬಂದ ಬಂಧುಗಳು ಬಸ್ಸು ಹತ್ತಿ ಹೋಗಿದ್ದಾರೆ. ಬಲೀಂದ್ರನನ್ನು ಕೂಗಿ ಕರೆದ ಗದ್ದೆಯ ಬದುವಿನಲ್ಲಿ ದೀಪ ಆರಿದೆ. ಪಾತ್ರೆಗಳ ತಳದಲ್ಲಿ ಅನ್ನವೂ ಹುಳಿಯೂ ಪಾಯಸವೂ ಉಳಿದಿವೆ. ಉಳಿದುದನ್ನು ಏನು ಮಾಡಬೇಕು? ಪ್ರಶ್ನೆ ಸಣ್ಣದು, ಅದರ ವ್ಯಾಪ್ತಿ ಸಣ್ಣದಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಗೃಹಿಣಿಯರು ಇದಕ್ಕೆ ತಲೆತಲಾಂತರದಿಂದ ಉತ್ತರ ಕೊಡುತ್ತ ಬಂದಿದ್ದಾರೆ. ರಾತ್ರಿ ನೀರೆರೆದಿಟ್ಟ ಕುಚ್ಚಲಕ್ಕಿಯ ಅನ್ನ ಬೆಳಗ್ಗೆ ಮೊಸರು, ಮಿಡಿ ಉಪ್ಪಿನಕಾಯಿಗಳೊಡನೆ ತಂಗಳೂಟವಾಗುತ್ತದೆ. ಮತ್ತೆ ಕುದಿದು ಇಂಗಿದ ಹುಳಿ ಮೊದಲ ದಿನಕ್ಕಿಂತ ರುಚಿಯೆನಿಸುತ್ತದೆ. ಆಟಿಯ ಪತ್ರೊಡೆಯೂ ಅಷ್ಟೆ. ಮಿಕ್ಕದ್ದು ಮರುದಿನ ಪುಡಿಯಾಗಿ, ತೆಂಗಿನತುರಿ ಬೆಲ್ಲಗಳನ್ನು ಕೂಡಿಕೊಂಡು ಒಗ್ಗರಣೆಗೆ ಬೀಳುತ್ತದೆ. ಈ ಅಡುಗೆಮನೆಯ ವಿವೇಕದಲ್ಲಿ ಒಂದು ಸೂತ್ರವುಂಟು: ಉಳಿದದ್ದು ತಾನಾಗಿ ಉಳಿಯುವುದಿಲ್ಲ, ಯಾರಾದರೂ ಅದನ್ನು ಮರಳಿ ಒಲೆಗೇರಿಸಬೇಕು.

ಮರುದಿನಕ್ಕೆ ಇನ್ನೊಬ್ಬ ಅತಿಥಿಯೂ ಉಂಟು. ಪಟಾಕಿಯ ಸದ್ದಿಗೆ ಬೆದರಿ ತನ್ನ ಬೀದಿಯನ್ನು ಬಿಟ್ಟೋಡಿದ ನಾಯಿಯೊಂದು ಯಾರದೋ ಜಗಲಿಯ ಮೂಲೆಯಲ್ಲಿ ಮುದುಡಿ ಮಲಗಿರುತ್ತದೆ. ಹಸಿದ ನಾಯಿಗೆ ಹಳಸಿದ ಅನ್ನವೆಂದು ಬಗೆದು, ಪಾತ್ರೆ ಬರಿದುಮಾಡುವುದನ್ನೇ ದಯೆಯೆಂದು ಕರೆದುಕೊಳ್ಳುವವರು ಅನೇಕರು. ಈರುಳ್ಳಿ, ಪಾಯಸದ ಒಣದ್ರಾಕ್ಷಿ, ಮಕ್ಕಳ ಚಾಕೊಲೇಟು, ಇವು ಮೂರೂ ನಾಯಿಯ ದೇಹಕ್ಕೆ ವಿಷಪ್ರಾಯವೆಂಬುದು ಅವರಿಗೆ ತಿಳಿದಿರುವುದಿಲ್ಲ. ಜನ್ನನ ‘ಯಶೋಧರ ಚರಿತೆ’ಯಲ್ಲಿ ರಾಜಮಾತೆ ಚಂದ್ರಮತಿ ನಾಯಿಯಾಗಿ ಹುಟ್ಟಿ ತಾನು ಬಾಳಿದ ಅರಮನೆಗೇ ಬರುತ್ತಾಳೆ, ಮೊಮ್ಮಗ ಅವಳನ್ನು ಗುರುತಿಸಲಾರ. ಜನ್ಮಾಂತರವನ್ನು ನಂಬಲಿ, ಬಿಡಲಿ, ಬಾಗಿಲಿಗೆ ಬಂದುದನ್ನು ಗುರುತಿಸದೆ ಕಳೆದುಕೊಳ್ಳುವ ದುರಂತ ಎಲ್ಲ ಕಾಲಕ್ಕೂ ಸಲ್ಲುವಂಥದು.

ಅಂಥ ಒಂದು ದುರಂತ ಈಗ ನಮ್ಮ ಮೇಜುಗಳ ಮೇಲೆಯೇ ನಡೆಯುತ್ತಿದೆ. ಹಬ್ಬದ ರಜೆಯ ಬಿಡುವಿನಲ್ಲಿ ಅಧ್ಯಾಪಕರು ತಮ್ಮ ಹಳೆಯ ಬರಹಗಳನ್ನು ತೆರೆಯಲು ಗಣಕಯಂತ್ರದ ಮುಂದೆ ಕೂಡುತ್ತಾರೆ. ತುಲಾಮಾಸದ ಸಂಜೆಯ ಸಿಡಿಲಿಗೆ ಹೆದರಿ ತಂತಿ ಕಳಚಿಡುವುದು ಘಟ್ಟದ ಬುಡದ ಬೆಳ್ತಂಗಡಿಯವರಿಗೆ ಅಭ್ಯಾಸವಾಗಿದೆ. ಆದರೆ ಸಿಡಿಲು ತಾಕದ ಯಂತ್ರದಲ್ಲಿಯೂ ಇಪ್ಪತ್ತು ವರ್ಷದ ಹಿಂದಿನ ಕನ್ನಡ ಲೇಖನ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣಿಸುತ್ತದೆ. ಕಾರಣವಿಷ್ಟೆ: ಅಂದಿನ ತಂತ್ರಾಂಶಗಳು ಕನ್ನಡ ಅಕ್ಷರದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂಡಿಸಿದ್ದವು, ಒಬ್ಬೊಬ್ಬ ತಯಾರಕನ ಜೋಡಣೆ ಒಂದೊಂದು ಬಗೆ. ಆ ಅಕ್ಷರಶೈಲಿ ಯಂತ್ರದಲ್ಲಿಲ್ಲದಿದ್ದರೆ ಕನ್ನಡವೂ ಇಲ್ಲ.

ಯುನಿಕೋಡ್ ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನವನ್ನು ಕೊಟ್ಟಿತು; ಅದು ನಮ್ಮ ಕಾಲೇಜು, ಮುದ್ರಣಾಲಯಗಳಲ್ಲಿ ರೂಢಿಯಾಗಲು ಬಹುಕಾಲ ಹಿಡಿಯಿತು. ಈ ನಡುವಣ ಅವಧಿಯ ಕಾಲೇಜು ವಾರ್ಷಿಕ ಸಂಚಿಕೆಗಳು, ಯಕ್ಷಗಾನ ಪ್ರಸಂಗಗಳು, ಕೇಳಿ ಬರೆದುಕೊಂಡ ಪಾಡ್ದನಗಳು ಎಷ್ಟೋ ಹಳೆಯ ಅಕ್ಷರಶೈಲಿಗಳಲ್ಲಿಯೇ ಸಿಕ್ಕಿಬಿದ್ದಿವೆ. ಇದು ವಿಷಾದದ ಸಂಗತಿ. ಏಕೆಂದರೆ ಕನ್ನಡವನ್ನು ಗಣಕಕ್ಕೆ ಕಲಿಸಿದವರಲ್ಲಿ ಅಗ್ರಗಣ್ಯರಾದ ಕೆ. ಪಿ. ರಾವ್ ಈ ಜಿಲ್ಲೆಯ ಕಿನ್ನಿಕಂಬಳದವರೇ. ಕನ್ನಡ ಅಕ್ಷರಗಳ ಉಚ್ಚಾರಣೆಗೆ ಹೊಂದುವಂತೆ ಕೀಲಿಮಣೆಯನ್ನು ರೂಪಿಸಿದ ಅವರು ತಮ್ಮ ತಂತ್ರಾಂಶಕ್ಕೆ ಛಂದೋವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟರು. ಯಂತ್ರವನ್ನು ವಿದ್ವತ್ತಿನ ಪರಂಪರೆಗೆ ಜೋಡಿಸಿದ ಈ ನಾಮಕರಣವನ್ನು ನಮ್ಮ ಭಾಷಾವಿಭಾಗಗಳು ಮರೆಯಬಾರದು.

ಪರಂಪರೆಯ ಪಾಠಕ್ಕೆ ದೂರ ಹೋಗಬೇಕಾಗಿಲ್ಲ. ವೀರಸೇನಾಚಾರ್ಯರು ೯ನೆಯ ಶತಮಾನದಲ್ಲಿ ರಚಿಸಿದ ಧವಳ ಟೀಕೆ, ಜಯಧವಳ ಮಹಾಧವಳಗಳೊಡನೆ, ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಮೂಡುಬಿದಿರೆಯ ಬಸದಿಯಲ್ಲಿ ಉಳಿದುಬಂದಿತು. ಕಡಲತಡಿಯ ಈ ತೇವದಲ್ಲಿ ಓಲೆಗಳು ಬಾಳಿದ್ದು ಆಕಸ್ಮಿಕವಲ್ಲ. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳೊರಸಿ, ಪೂಜಿಸುವುದು ಜೈನರ ಸಂಪ್ರದಾಯ. ಕಾಲ ಬಂದಾಗ ಓಲೆಯಿಂದ ಕಾಗದಕ್ಕೆ ನಕಲುಮಾಡಿದರು. ೧೯೩೯ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಳ ಅಚ್ಚಾಗತೊಡಗಿತು. ಗ್ರಂಥ ಬದುಕಿದ್ದು ಓಲೆಯ ಗಟ್ಟಿತನದಿಂದಲ್ಲ, ಪ್ರತಿಕಾರರ ಶ್ರದ್ಧೆಯಿಂದ.

ನಮ್ಮ ಕಾಲೇಜುಗಳಲ್ಲಿಯೂ ವರ್ಷಕ್ಕೊಂದು ಶ್ರುತಪಂಚಮಿ ಏಕಾಗಬಾರದು? ಪ್ರತಿಯೊಂದು ಕನ್ನಡ ವಿಭಾಗವೂ ಒಂದು ರಜೆಯಲ್ಲಿ ಒಂದು ಹಳೆಯ ಸಂಚಿಕೆಯನ್ನಾದರೂ ಯುನಿಕೋಡಿಗೆ ಪರಿವರ್ತಿಸಲಿ. ಪರಿವರ್ತಕ ತಂತ್ರಾಂಶಗಳು ದೊರೆಯುತ್ತವೆ. ಆದರೆ ಅವು ಅರ್ಕಾವೊತ್ತನ್ನೂ ಒತ್ತಕ್ಷರವನ್ನೂ ಅಲ್ಲಲ್ಲಿ ಪಲ್ಲಟಗೊಳಿಸುವುದುಂಟು. ಮೂಲದೊಡನೆ ಹೋಲಿಸಿ ತಿದ್ದುವ ಕೆಲಸವನ್ನು ವಿದ್ಯಾರ್ಥಿಗಳಿಗೆ ವಹಿಸಿದರೆ ಅದಕ್ಕಿಂತ ಉತ್ತಮವಾದ ಗ್ರಂಥಸಂಪಾದನೆಯ ಪಾಠ ಇನ್ನಿಲ್ಲ. ತಿದ್ದಿದ ಪ್ರತಿ ಎರಡು ಕಡೆಗಳಲ್ಲಿರಲಿ. ಮೂಲ ಕಡತವೂ ಅದರ ಅಕ್ಷರಶೈಲಿಯೂ ಜೊತೆಗಿರಲಿ.

ಹಳೆಯ ಯಂತ್ರಗಳು ಇನ್ನೂ ಕೆಲವು ಕಡೆ ನಡೆಯುತ್ತಿವೆ. ಆ ಬರಹಗಳನ್ನು ಬೆರಳಚ್ಚಿಸಿದವರಲ್ಲಿ ಅನೇಕರು ನಮ್ಮ ನಡುವೆ ಇದ್ದಾರೆ. ಹುಳಿ ಇನ್ನೂ ಹಳಸಿಲ್ಲ. ಒಲೆ ಹಚ್ಚಲು ಇದು ಸಕಾಲ.