ಸೌಟು ಎಲ್ಲಿದೆ ಪುಟ್ಟಾ, ತಂದುಕೊಡು



ಮೂರು ವರ್ಷದ ಗಂಡುಮಗುವಿನ ತಾಯಿಯೊಬ್ಬರು ಹೀಗೆ ಬರೆದಿದ್ದಾರೆ: "ಗೋಡೆಗೆ ಹಾಕಿದ ಪಟದಲ್ಲಿ ಆನೆ, ಜಿರಾಫೆ, ಸೇಬು ಎಲ್ಲಾ ತೋರಿಸಿ ಹೆಸರು ಹೇಳ್ತಾನೆ. ಆದರೆ ಒಳಗಿಂದ ಸೌಟು ತಗೊಂಡು ಬಾ ಅಂದರೆ ಸುಮ್ಮನೆ ನಿಂತುಬಿಡ್ತಾನೆ. ಇವನಿಗೆ ಬುದ್ಧಿ ಕಡಿಮೆಯೇ ಅಂತ ನೆಂಟರು ಕೇಳ್ತಾರೆ. ನನಗೆ ರಾತ್ರಿ ನಿದ್ದೆ ಬರೋದಿಲ್ಲ."

ತಾಯಿ, ಮೊದಲು ಧೈರ್ಯ ತಂದುಕೊಳ್ಳಿ. ಮಗು ಜಿರಾಫೆ ಕಲಿತದ್ದು ನೀವು ದಿನಾ ಬೆರಳಿಟ್ಟು ತೋರಿಸಿ ಹೆಸರು ಹೇಳಿದ್ದರಿಂದ. ಸೌಟಿನ ಹೆಸರನ್ನು ಹಾಗೆ ಯಾರು ಹೇಳಿದ್ದಾರೆ? ನಮ್ಮೆಲ್ಲರ ಅಡುಗೆಮನೆಯ ಮಾತು ನೆನಪು ಮಾಡಿಕೊಳ್ಳಿ: "ಅದನ್ನ ಇಲ್ಲಿ ಕೊಡು, ಇದನ್ನ ಅಲ್ಲಿಡು, ಅದರ ಮೇಲೆ ಇದನ್ನ ಮುಚ್ಚು." ದೊಡ್ಡವರಿಗೆ ಇಷ್ಟು ಸಾಕು. ಆದರೆ 'ಅದು', 'ಇದು' ಅಂತಲೇ ಕೇಳಿ ಬೆಳೆದ ಮಗುವಿಗೆ ಸೌಟು ಯಾವುದು, ಜರಡಿ ಯಾವುದು ಗೊತ್ತಾಗುವುದು ಹೇಗೆ? ಆದ್ದರಿಂದ ಮೊದಲನೆಯ ಕೆಲಸ ಮಗುವಿನದಲ್ಲ, ನಮ್ಮದು. "ಸೌಟನ್ನು ತಟ್ಟೆಯ ಮೇಲಿಡ್ತೀನಿ, ಜರಡೀಲಿ ಹಿಟ್ಟು ಸೋಸ್ತೀನಿ" ಎಂದು ಕೈ ಕೆಲಸದ ಜೊತೆಗೇ ಹೆಸರು ಹೇಳುತ್ತಾ ಹೋಗಿ. ಇದಕ್ಕೆ ಬೇರೆ ಸಮಯ ಬೇಡ, ಕಾಸೂ ಬೇಡ.

ಎರಡನೆಯದು, ಕಲಿಸುವ ಕ್ರಮ. 1907ರಲ್ಲಿ ರೋಮ್ ನಗರದಲ್ಲಿ ಪುಟ್ಟ ಮಕ್ಕಳ ಶಾಲೆ ತೆರೆದ ಮರಿಯಾ ಮಾಂಟೆಸ್ಸೊರಿ 1939ರಲ್ಲಿ ಮದರಾಸಿನ ಅಡಯಾರಿಗೆ ಬಂದು ನಮ್ಮ ದೇಶದ ಶಿಕ್ಷಕರಿಗೂ ತರಬೇತಿ ಕೊಟ್ಟರು. ಹೆಸರು ಕಲಿಸಲು ಅವರು ಅನುಸರಿಸುತ್ತಿದ್ದ ಕ್ರಮದಲ್ಲಿ ಮೂರು ಮೆಟ್ಟಿಲುಗಳಿವೆ.

ಮೊದಲನೆಯ ಮೆಟ್ಟಿಲಲ್ಲಿ ವಸ್ತುವನ್ನು ಮಗುವಿನ ಕೈಗೆ ಕೊಟ್ಟು "ಇದು ಸೌಟು, ಇದು ಲಟ್ಟಣಿಗೆ" ಅನ್ನಿ. ಒಂದು ಸಲಕ್ಕೆ ಎರಡೋ ಮೂರೋ ವಸ್ತು ಸಾಕು. ಎರಡನೆಯದರಲ್ಲಿ "ಸೌಟು ಎಲ್ಲಿದೆ? ಲಟ್ಟಣಿಗೆ ಅಜ್ಜಿಗೆ ಕೊಟ್ಟು ಬಾ" ಅಂತ ಆಟವಾಡಿಸಿ. ಇಲ್ಲಿಯೇ ಹೆಚ್ಚು ದಿನ ನಿಲ್ಲಬೇಕು. ಇದು ಚೆನ್ನಾಗಿ ಬಂದ ಮೇಲಷ್ಟೇ ಮೂರನೆಯದು: ವಸ್ತು ತೋರಿಸಿ "ಇದೇನು?" ಅಂತ ಕೇಳುವುದು.

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಆಗುವುದೇನು? ಮೊದಲ ಎರಡು ಮೆಟ್ಟಿಲು ಬಿಟ್ಟು ಸೀದಾ ಮೂರನೆಯದಕ್ಕೆ ಹಾರುತ್ತೇವೆ. ಅದೂ ನೆಂಟರ ಮುಂದೆ! "ಮಾಮಂಗೆ ಹೇಳು, ಇದೇನು? ಹೇಳೋ!" ಮಗು ಬಾಯಿ ಬಿಡದಿದ್ದರೆ ಅವಮಾನವಾದಂತೆ ಸಿಡುಕುತ್ತೇವೆ. ಪರೀಕ್ಷೆ ಮಾಡುವುದೇ ಬೇರೆ, ಕಲಿಸುವುದೇ ಬೇರೆ.

ಮಗು ತಪ್ಪು ಹೇಳಿದರೆ ನಗಬೇಡಿ. ನಾಲ್ಕು ಕಾಲಿನ ಪ್ರಾಣಿಯನ್ನೆಲ್ಲ 'ಅಂಬಾ' ಎನ್ನುವುದು ಆ ವಯಸ್ಸಿಗೆ ಸಹಜ. "ಹೌದು ಕಂದಾ, ಅಂಬಾ ಥರಾನೇ ಇದೆ. ಇದು ಎಮ್ಮೆ, ನೋಡು ಎಷ್ಟು ಕಪ್ಪಗಿದೆ" ಅಂದರೆ ಮುಗಿಯಿತು. ಹಾಗೆಯೇ ನೀವು ಪೊರಕೆ ಅಂದು ಅತ್ತೆಯವರು ಕಸಬರಿಗೆ ಅಂದರೆ ಗಾಬರಿ ಬೇಡ. ಕಡಲೆಕಾಯಿಗೆ ಶೇಂಗಾ ಅಂತಲೂ ಹೆಸರುಂಟು ಎಂದು ಮಗು ಎರಡನ್ನೂ ಕಲಿಯುತ್ತದೆ. ಅಜ್ಜಿಯ ಮಾತು ತಪ್ಪು ಅಂತ ಮಾತ್ರ ಹೇಳಿಕೊಡಬೇಡಿ.

ಮಳೆಗಾಲದ ಮಧ್ಯಾಹ್ನಕ್ಕೆ ಒಂದು ಒಳ್ಳೆ ಆಟವಿದೆ. ಬಟ್ಟೆ ಚೀಲದಲ್ಲಿ ಚಮಚ, ಬಾಚಣಿಗೆ, ನಿಂಬೆಹಣ್ಣು, ಪುಟ್ಟ ಲೋಟ ಹಾಕಿ, ನೋಡದೆ ಮುಟ್ಟಿ "ಬಾಚಣಿಗೆ ತೆಗಿ" ಅನ್ನಿ. ಇನ್ನೊಂದು ದಿನ ಕಣ್ಣು ಮುಚ್ಚಿಸಿ ಏಲಕ್ಕಿ, ಕೊತ್ತಂಬರಿ ಸೊಪ್ಪು, ಕಾಫಿಪುಡಿಯ ಡಬ್ಬಿಗಳ ವಾಸನೆ ತೋರಿಸಿ. ಇಂಗಿನ ಡಬ್ಬಿ ಬಂದಾಗ ಮುಖ ಹೇಗೆ ಮಾಡ್ತವೆ ನೋಡಿ!

ಎಚ್ಚರಿಕೆ: ಈಳಿಗೆಮಣೆ, ಬೆಂಕಿಪೆಟ್ಟಿಗೆ, ಬಿಸಿ ಪಾತ್ರೆ ಆಟಕ್ಕೆ ಬೇಡ. ಕಡಲೆಬೀಜ, ಹುಣಸೆಬೀಜ, ನಾಣ್ಯ, ಗುಂಡಿಗಳನ್ನು ಚಿಕ್ಕ ಮಕ್ಕಳು ಮೂಗಿಗೆ ತುರುಕಿಕೊಳ್ಳುತ್ತವೆ, ನುಂಗಿದರೆ ಉಸಿರಿನ ನಾಳಕ್ಕೆ ಸಿಕ್ಕಿಕೊಳ್ಳಬಹುದು. ಆಟಿಕೆಯೊಳಗಿನ ಬಿಲ್ಲೆಯಂಥ ಸೆಲ್ ನುಂಗಿದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಮೊಬೈಲ್ ತೋರಿಸಿ ಕಲಿಸಬಹುದೇ ಅಂತ ಬಹಳ ಮಂದಿ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಂತೆ ಒಂದು ವರ್ಷದೊಳಗಿನ ಮಗುವಿಗೆ ಅದು ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಮೊಬೈಲಿನ ಸೇಬು ಉರುಳುವುದಿಲ್ಲ, ತಣ್ಣಗಿರುವುದಿಲ್ಲ, ಕಚ್ಚಿದರೆ ರುಚಿಯೂ ಇಲ್ಲ.

ಇನ್ನು ಬಹಳ ಮುಖ್ಯವಾದ ಮಾತು. ಪತ್ರ ಬರೆದ ತಾಯಿಯ ಮಗ ಪಟ ನೋಡಿ ಹೆಸರು ಹೇಳುತ್ತಾನೆ, ಸರಿ. ಆದರೆ ಕೆಲವು ಮಕ್ಕಳು ವಸ್ತುವನ್ನು ಗುರುತಿಸದಿರುವುದು ಹೆಸರೇ ಕಿವಿಗೆ ಬೀಳದ್ದರಿಂದ. ನಮ್ಮ ಬೀದಿಯಲ್ಲೇ ಒಂದು ಹೆಣ್ಣುಮಗುವನ್ನು 'ಹಟಮಾರಿ, ಕರೆದರೂ ತಿರುಗೋಲ್ಲ' ಎಂದು ಎಲ್ಲರೂ ಗದರುತ್ತಿದ್ದರು. ಪರೀಕ್ಷೆ ಮಾಡಿಸಿದಾಗ ಕಿವಿ ಮಂದವೆಂದು ತಿಳಿಯಿತು. ಈಗ ಕಿವಿಗೆ ಯಂತ್ರ ಹಾಕಿಕೊಂಡು ಅಮ್ಮನ ಹಿಂದೆ ಹಿಂದೆ "ಇದೇನು, ಅದೇನು" ಅಂತ ಸುತ್ತುತ್ತದೆ.

ಒಂದು ವರ್ಷದ ಹೊತ್ತಿಗೆ ಮಗು ಹೆಸರು ಕರೆದರೆ ತಿರುಗಬೇಕು. ಒಂದೂವರೆ ವರ್ಷಕ್ಕೆ, ಕೈಸನ್ನೆ ಮಾಡದೆ ಬರೀ ಮಾತಿನಲ್ಲಿ "ಚೆಂಡು ಕೊಡು" ಅಂದರೆ ಕೊಡಬೇಕು. ಎರಡು ವರ್ಷಕ್ಕೆ "ಅಮ್ಮ ಹಾಲು" ಅಂತ ಎರಡು ಮಾತು ಜೋಡಿಸಬೇಕು. ಹೀಗಾಗದಿದ್ದರೆ "ಇವರಪ್ಪನೂ ತಡವಾಗಿ ಮಾತಾಡಿದ್ದು" ಎಂಬ ಸಮಾಧಾನ ನಂಬಿ ಕೂರಬೇಡಿ. ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿ, ಮಕ್ಕಳ ವೈದ್ಯರಿಗೆ ತೋರಿಸಿ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇಂಥ ತೊಂದರೆಗಳಿಗಾಗಿ. ಆಗ ತಾನೇ ಹುಟ್ಟಿದ ಕೂಸಿನ ಕಿವಿಯನ್ನೂ ಪರೀಕ್ಷಿಸಬಹುದು. ಹೋಗಿ ಬಂದು ಏನೂ ಇಲ್ಲವೆಂದರೆ ನಷ್ಟ ಒಂದು ದಿನದ್ದು. ಹೋಗದೇ ಕೂತರೆ ನಷ್ಟ ಮಗುವಿನದು.

ಈ ಹದಿನೈದು ದಿನ ಅಡುಗೆಮನೆಯಲ್ಲಿ 'ಅದು', 'ಇದು' ಬಿಟ್ಟು ಹೆಸರು ಹಿಡಿದು ಮಾತಾಡಿ ನೋಡಿ. ನಿಮ್ಮ ಪುಟಾಣಿಗಳು ಏನೇನು ತಂದುಕೊಟ್ಟವು ಅಂತ ನನಗೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ, ಊಟಕ್ಕೆ ಹಟ ಮಾಡುವ ಮಕ್ಕಳ ವಿಷಯ ಮಾತಾಡೋಣ.