ಕೋಳಿ ಸಾಕುತ್ತಿದ್ದ ಟ್ರಾಂಬೋನ್ ವಾದಕ

“ನಿಲ್ಲಿಸಿ ಎಷ್ಟೋ ವರ್ಷ ಆಯ್ತು, ಇನ್ನೆಲ್ಲಿ ಬರುತ್ತೆ ಬಿಡಿ!” ವೀಣೆಗೋ ಹಾರ್ಮೋನಿಯಂಗೋ ಬಟ್ಟೆ ಹೊದಿಸಿಟ್ಟವರು ಹೇಳೋ ಮಾತಿದು. ನಾನೂ ಹೇಳಿದ್ದೇನೆ. ಈಗೀಗ ಹಾಗೆ ಹೇಳಲು ಹೊರಟರೆ ಕಿಡ್ ಓರಿ ನೆನಪಾಗುತ್ತಾರೆ.

ಓರಿ ಅಮೆರಿಕದ ಜಾಝ್ ಸಂಗೀತಗಾರ. ನುಡಿಸುತ್ತಿದ್ದದ್ದು ಟ್ರಾಂಬೋನ್; ಉದ್ದನೆಯ ಕೊಳವೆಯನ್ನು ಹಿಂದೆ ಮುಂದೆ ಜಾರಿಸುತ್ತಾ ಊದುವ ಹಿತ್ತಾಳೆ ವಾದ್ಯ. 1886ರ ಕ್ರಿಸ್‌ಮಸ್ ದಿನ ಲೂಸಿಯಾನಾದ ಕಬ್ಬಿನ ತೋಟವೊಂದರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಸಿಗಾರ್ ಡಬ್ಬಿಗೆ ತಂತಿ ಕಟ್ಟಿ ನುಡಿಸುತ್ತಿದ್ದರಂತೆ! ಮುಂದೆ ನ್ಯೂ ಆರ್ಲಿಯನ್ಸ್‌ನಲ್ಲಿ ಹೆಸರಾಂತ ತಂಡವನ್ನೇ ಕಟ್ಟಿದರು. ಅಲ್ಲಿ ಬ್ಯಾಂಡಿನವರು ಗಾಡಿಯಲ್ಲಿ ಕೂತು ಬೀದಿ ಬೀದಿ ಸುತ್ತುತ್ತಾ ನುಡಿಸುತ್ತಿದ್ದರು. ಟ್ರಾಂಬೋನಿನ ಕೊಳವೆ ಯಾರಿಗೂ ತಾಗಬಾರದಲ್ಲ, ಅದಕ್ಕೇ ಆ ವಾದಕನಿಗೆ ಗಾಡಿಯ ಹಿಂಬದಿಯ ಜಾಗ. ಅವನ ಶೈಲಿಗೆ ‘ಟೇಲ್‌ಗೇಟ್’ ಅಂತಲೇ ಹೆಸರು ಬಿತ್ತು. ಅದರಲ್ಲಿ ಓರಿಯದು ಎತ್ತಿದ ಕೈ.

1918ರಲ್ಲಿ ಹದಿಹರೆಯದ ಲೂಯಿ ಆರ್ಮ್‌ಸ್ಟ್ರಾಂಗ್‌ನನ್ನು ತಂಡಕ್ಕೆ ಸೇರಿಸಿಕೊಂಡವರು ಇವರೇ. 1925ರಲ್ಲಿ ಶಿಕಾಗೊದಲ್ಲಿ ಅದೇ ಹುಡುಗ ‘ಹಾಟ್ ಫೈವ್’ ಅಂತ ತಂಡ ಕಟ್ಟಿದಾಗ, ಓರಿ ಅವನ ಕೈಕೆಳಗೆ ನುಡಿಸಿದರು. ಹಿರಿತನ ಅಡ್ಡ ಬರಲಿಲ್ಲ.

ಆಮೇಲೆ ಬಂತು ಆರ್ಥಿಕ ಮಹಾಕುಸಿತ. ಕಛೇರಿಗಳಿಲ್ಲ, ಹಳೇ ಶೈಲಿಯನ್ನು ಕೇಳುವವರೂ ಇಲ್ಲ. 1933ರ ಹೊತ್ತಿಗೆ ಓರಿ ವಾದ್ಯ ಪಕ್ಕಕ್ಕಿಟ್ಟು, ಲಾಸ್ ಏಂಜಲೀಸ್‌ನಲ್ಲಿ ಸೋದರನ ಜತೆ ಕೋಳಿ ಸಾಕತೊಡಗಿದರು. ಹಾಗೇ ವರ್ಷಗಳು ಉರುಳಿದವು.

ನಲವತ್ತರ ದಶಕದಲ್ಲಿ ಜನಕ್ಕೆ ಹಳೇ ಜಾಝ್ ಮತ್ತೆ ಬೇಕಾಯ್ತು. ಓರಿ ಟ್ರಾಂಬೋನ್ ಎತ್ತಿಕೊಂಡರು. 1944ರಲ್ಲಿ ನಟ–ನಿರ್ದೇಶಕ ಆರ್ಸನ್ ವೆಲ್ಸ್‌ನ ರೇಡಿಯೋ ಕಾರ್ಯಕ್ರಮಕ್ಕೆ ನ್ಯೂ ಆರ್ಲಿಯನ್ಸ್ ಹಿರಿಯರ ತಂಡ ಸೇರಿತು. ಆಗ ಓರಿಗೆ 57. ಕೆಲವೇ ವಾರಗಳಲ್ಲಿ, ಒಂದು ಪ್ರಸಾರದ ದಿನ ಬೆಳಿಗ್ಗೆ, ತಂಡದ ಕ್ಲಾರಿನೆಟ್ ವಾದಕ ಜಿಮ್ಮಿ ನೂನ್ ತೀರಿಕೊಂಡರು. ಪ್ರಸಾರ ನಿಲ್ಲಲಿಲ್ಲ. ಗೆಳೆಯನ ನೆನಪಿಗೆ ಓರಿ ಅಂದೇ ಒಂದು ಬ್ಲೂಸ್ ಕಟ್ಟಿದರು, ತಂಡ ಅದನ್ನೇ ನುಡಿಸಿತು. ಕಲೆ ತುಕ್ಕು ಹಿಡಿದಿತ್ತು ಅಂತ ಹೇಗೆ ಅನ್ನೋಣ?

ಮುಂದೆ ಇಪ್ಪತ್ತು ವರ್ಷ ನುಡಿಸಿದರು. ಐವತ್ತರ ದಶಕದಲ್ಲಿ ಯುರೋಪನ್ನೂ ಸುತ್ತಿ ಬಂದರು. ಹವಾಯಿಯಲ್ಲಿ 1973ರಲ್ಲಿ ಕಣ್ಣು ಮುಚ್ಚಿದಾಗ ವಯಸ್ಸು 86.

ಮೊನ್ನೆ ನಾನೂ ಹಾರ್ಮೋನಿಯಂ ಮೇಲಿನ ಬಟ್ಟೆ ತೆಗೆದೆ. ಎರಡು ಮನೆ ಒತ್ತಿದರೆ ಮೇಲೇಳುತ್ತಿಲ್ಲ. ರಿಪೇರಿಯವರನ್ನು ಹುಡುಕುತ್ತಿದ್ದೇನೆ. ನಿಮ್ಮನೆ ಅಟ್ಟದಲ್ಲಿ ಏನಿದೆ?